ಮೂರನೆಯ ಗುಂಡಿಯ ಎತ್ತರ

ಸತ್ತ ಮರ ದಪ್ಪವಾಗಿತ್ತು.

ಕಣ್ಣೇ ಮೋಸ ಮಾಡಿರಬೇಕು ಎಂದು ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಇನ್ನೂರ ಹದಿನೇಳನೆಯ ಮರ. ಎರಡು ವರ್ಷದ ಹಿಂದಿನ ಹಾಳೆಯಲ್ಲಿ ‘ಸತ್ತಿದೆ, ನಿಂತಿದೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಸುತ್ತಳತೆ ಸಾವಿರದ ಎಂಟುನೂರ ನಲವತ್ತೆರಡು ಮಿಲಿಮೀಟರು. ಹೋದ ವರ್ಷ ನಲವತ್ತೊಂಬತ್ತು. ಈ ವರ್ಷ ಐವತ್ತೆಂಟು. ಬದುಕಿದ್ದಾಗಲೂ ಅದು ಇದೇ ಚುರುಕಿನಲ್ಲಿ ಬೆಳೆಯುತ್ತಿತ್ತು. ತಾನು ಸತ್ತ ಸುದ್ದಿ ಅದಕ್ಕಿನ್ನೂ ಮುಟ್ಟಿದಂತಿರಲಿಲ್ಲ.

ಕಚೇರಿಯಲ್ಲಿ ಅವಳನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಅವಳಿಗೆ ಕೇಳಿಸುವುದಿಲ್ಲ ಎಂದು ಅವರು ತಿಳಿದಿದ್ದರು. ಅವಳಿಗೆ ಕೇಳಿಸುತ್ತಿತ್ತು, ಒಳಗೊಳಗೇ ಹಿಗ್ಗೂ ಆಗುತ್ತಿತ್ತು. ತಪಾಸಣೆಯ ಮೇಜಿಗೆ ಬಂದು ಆರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲೇ, ಮಳೆಮಾಪಕದ ಬಳಿಗೆ ಹೋಗದೆ ಮನೆಯ ಕಿಟಕಿಯಿಂದಲೇ ಅಂದಾಜು ಮಳೆ ಬರೆಯುತ್ತಿದ್ದ ಗುಮಾಸ್ತನನ್ನು ಹಿಡಿದು ಹಾಕಿದ್ದಳು. ಅವನು ತಲೆ ತಗ್ಗಿಸಿಕೊಂಡು ಕಚೇರಿಯ ಮೆಟ್ಟಿಲು ಇಳಿದು ಹೋಗಿದ್ದನ್ನು ಎಲ್ಲರೂ ನಿಂತು ನೋಡಿದ್ದರು. ಸುಳ್ಳು ಅಂಕಿಯ ವಾಸನೆ ತನಗೆ ದೂರದಿಂದಲೇ ಬಡಿಯುತ್ತದೆ ಎಂದು ಅವಳ ನಂಬಿಕೆ. ಆದರೆ ಈ ಸಲ ಮೂಗು ಮುಚ್ಚಿಕೊಳ್ಳೋಣ ಅನ್ನಿಸಿತು. ಏಕೆಂದರೆ ಆ ದುಂಡಗಿನ ಅಕ್ಷರ ಅವಳ ಮಾವನದು, ಗಂಡನ ತಂದೆಯದು.

ಅದು ಕಾಡು ಅಳೆಯುವ ಕಚೇರಿ. ಜಗತ್ತಿನ ಗಿರಣಿ, ಲಾರಿ, ಹಡಗು, ವಿಮಾನ ಎಲ್ಲ ಸೇರಿ ಬಿಡುವ ಹೊಗೆಯ ಇಂಗಾಲದಲ್ಲಿ ಒಂದು ಪಾಲನ್ನು ಬಿಸಿಲ ನಾಡುಗಳ ಮಳೆಕಾಡುಗಳು ಸದ್ದಿಲ್ಲದೆ ಕುಡಿದು ಬೊಡ್ಡೆಯಲ್ಲಿ ಕಟ್ಟಿಡುತ್ತವೆ. ಅವು ಹಾಗೆ ಕಟ್ಟಿಡುವುದರಿಂದ ಭೂಮಿಯ ಕಾವು ಸ್ವಲ್ಪವಾದರೂ ಹಿಡಿತದಲ್ಲಿದೆ. ಎಷ್ಟು ಕುಡಿದೆ ಎಂದು ಕಾಡನ್ನು ಕೇಳುವಂತಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಮರಕ್ಕೆ ಟೇಪು ಸುತ್ತಬೇಕು. ದಪ್ಪವಾದಷ್ಟೂ ಕುಡಿದಿದೆ ಎಂದರ್ಥ. ಇವರ ಪಾಲಿಗೆ ಬಂದದ್ದು ಆರುನೂರ ಹನ್ನೆರಡು ಮರಗಳ ಒಂದು ತುಂಡು ಕಾಡು. ಅದನ್ನು ಇಪ್ಪತ್ತೆರಡು ವರ್ಷದಿಂದ ಅಳೆಯುತ್ತಿದ್ದವನು ಮಾವ. ಕಚೇರಿಯವರ ಬಾಯಲ್ಲಿ ಅಳತೆಯಜ್ಜ. ಮೊದಲು ಅವನ ಜೊತೆ ನಾಲ್ವರಿದ್ದರು; ಒಬ್ಬೊಬ್ಬರಾಗಿ ನಿವೃತ್ತಿ, ವರ್ಗ ಎಂದು ಕರಗಿ, ಈಗ ಅವನೊಬ್ಬನೇ ಟೇಪು ಹಿಡಿದು, ಅವನೊಬ್ಬನೇ ಬರೆದು, ಅಳತೆಯ ತಿಂಗಳಲ್ಲಿ ಪ್ರತಿ ಶನಿವಾರ ಹಾಳೆ ತಂದು ಕೊಡುತ್ತಿದ್ದ.

ಈ ವರ್ಷದ್ದು ಹತ್ತು ವರ್ಷದ ಒಟ್ಟು ಪುಸ್ತಕ. ಮುಖ್ಯಸ್ಥರು ಅದನ್ನು ಹಿಡಿದುಕೊಂಡು ನಾನಾ ದೇಶದವರು ಸೇರುವ ದೊಡ್ಡ ಸಭೆಗೆ ಹೋಗುವವರಿದ್ದರು. ಮೇಲಕ್ಕೇರುವ ಹಸಿರು ಗೆರೆಯ ಚಿತ್ರ ಆಗಲೇ ನುಣುಪು ಕಾಗದದಲ್ಲಿ ಅಚ್ಚಾಗಿ ಅವರ ಕೋಣೆಯ ಗೋಡೆ ಸೇರಿತ್ತು. ಕಾಡು ಇನ್ನೂ ಕುಡಿಯುತ್ತಿದೆ, ಗಾಬರಿಯಿಲ್ಲ, ಎನ್ನುವ ಗೆರೆ. ಅಳೆಯಲು ಉಳಿದಿದ್ದ ಕೆಲವು ಮರಗಳ ಅಂಕಿ ಸೇರಿಬಿಟ್ಟರೆ, ಕೊನೆಯ ಪುಟದಲ್ಲಿ ‘ಪರೀಕ್ಷಿಸಿದೆ, ಸರಿಯಿದೆ’ ಎಂಬ ಸಾಲಿನ ಕೆಳಗೆ ಒಂದು ಸಹಿ ಮಾತ್ರ ಬಾಕಿ. ಆ ಸಹಿ ಇವಳದು. ಸೋಮವಾರದೊಳಗೆ ಹಾಕಿಬಿಡಮ್ಮ ಎಂದು ಮುಖ್ಯಸ್ಥರು ನಗುನಗುತ್ತಲೇ ಹೇಳಿ ಹೋಗಿದ್ದರು.

ಅವಳು ಹತ್ತು ವರ್ಷದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪರದೆ ಎಳೆದರೆ, ಅದನ್ನು ನೇತುಹಾಕಿದ್ದ ಕೆಂಪು ಬಿಳಿ ಪಟ್ಟಿಯ ಕೋಲು ಒಂದು ತುದಿಯಲ್ಲಿ ಕೊಕ್ಕೆ ಬಿಟ್ಟು ಜೋತುಬಿತ್ತು. ಕುರ್ಚಿ ಹತ್ತಿ ಅದನ್ನು ಸಿಕ್ಕಿಸಿ, ಬೈದುಕೊಂಡು ಬಂದು ಕೂತಳು. ಹುಡುಕುತ್ತಾ ಹೋದಂತೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಬುಡ ಅಗಲವಾಗಿ ಮೇಲೆ ಸಣ್ಣಗಾಗುವ ಮರಗಳೆಲ್ಲ ಪ್ರತಿ ವರ್ಷ ಲಕ್ಷಣವಾಗಿ ದಪ್ಪಗಾಗಿದ್ದವು. ಕಂಬದ ಹಾಗೆ ನೆಟ್ಟಗಿರುವ ಮರಗಳು ಮಾತ್ರ ಆರು ವರ್ಷದಿಂದ ಇದ್ದಲ್ಲೇ ಇದ್ದವು, ಅದೇ ಅಂಕಿ, ಹೆಚ್ಚೆಂದರೆ ಒಂದು ಮಿಲಿಮೀಟರು ಆಚೀಚೆ. ಒಂದೇ ಮಣ್ಣು, ಒಂದೇ ಮಳೆ, ಮರದಲ್ಲೂ ಮಲಮಕ್ಕಳಿರುತ್ತಾರೆಯೇ? ಅವಳಿಗೆ ಕಂಡ ಉತ್ತರ ಒಂದೇ. ಮುದುಕ ನೆಟ್ಟಗಿನ ಮರಗಳ ಹತ್ತಿರ ಹೋಗದೆ ಹಳೆಯ ಅಂಕಿ ಎತ್ತಿ ಬರೆಯುತ್ತಿದ್ದಾನೆ. ಉಳಿದವಕ್ಕೆ ಕೂತಲ್ಲೇ ನಾಲ್ಕೈದು ಮಿಲಿಮೀಟರು ದಾನ ಮಾಡುತ್ತಿದ್ದಾನೆ. ಅದೇ ಭರದಲ್ಲಿ ಸತ್ತದ್ದಕ್ಕೂ ಕೊಟ್ಟುಬಿಟ್ಟಿದ್ದಾನೆ.

ಆ ಸಂಜೆ ಮನೆಗೆ ಹೋದವಳ ಕಣ್ಣು ಬೇರೆಯಾಗಿತ್ತು. ಮೂರು ಕೋಣೆಯ ಮನೆ; ಬೀದಿಗೆ ತೆರೆದ ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಅವಳು ಚಪ್ಪಲಿ ಬಿಡುವಾಗ ಒಳಗೆ ಅಪ್ಪ ಮಗ ಪಿಸುಗುಡುತ್ತಿದ್ದರು. ಇವಳ ನೆರಳು ಬಿದ್ದದ್ದೇ ತಡ, ಗಂಡ ಮಿಷನ್ನಿನ ಮೇಲೆ ಬಾಗಿ ದಾರವೇ ಇಲ್ಲದ ಸೂಜಿಯನ್ನು ಗಡಗಡ ಓಡಿಸತೊಡಗಿದ. ಮಾವ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು, “ಬಂದ್ಯಾಮ್ಮ, ಇವತ್ತು ಬೇಗ” ಎಂದ. ಅವಳು ದಿನಾ ಬರುವ ಹೊತ್ತಿಗೇ ಬಂದಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಓದು ಮುಗಿಸು ಎಂದವನು ಈ ಮಾವ. ಪರೀಕ್ಷೆಯ ದಿನಗಳಲ್ಲಿ ತಾನೇ ಅಡುಗೆ ಮಾಡಿ, ಉಪ್ಪು ಮರೆತು, ಮೂವರೂ ಮಾತಾಡದೆ ತಿಂದು ಎದ್ದದ್ದಿತ್ತು. ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿಸಿದವನೂ ಅವನೇ. ಅಂಥವನ ಮೇಲೆ ಅನುಮಾನ ಪಡುವುದು ಅವಳಿಗೆ ಸುಖದ ಕೆಲಸವಾಗಿರಲಿಲ್ಲ. ಆದರೆ ಅನುಮಾನ ಒಮ್ಮೆ ಹೊಕ್ಕರೆ ಋಣ ಗಿಣ ಎಂದು ಹಿಂಜರಿಯುತ್ತದೆಯೇ? ಅವಳು ಮಾವನ ಬೂಟು ನೋಡಿದಳು: ಕೆಸರಿಲ್ಲ, ಬರೀ ಧೂಳು. ಮಳೆಕಾಡಿಗೆ ಹೋಗಿ ಬಂದವನ ಬೂಟಿಗೆ ಧೂಳೇ? ಹಿಂದೆಲ್ಲ ಇಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು ಕೂರುತ್ತಿದ್ದವನ ಕಾಲು ಈಗ ಶುಭ್ರವಾಗಿತ್ತು. ಹೋಗುವುದೇ ಇಲ್ಲ ಎನ್ನುವುದಕ್ಕೆ ಇನ್ನೇನು ಬೇಕು. ಮಗನಿಗೂ ಗೊತ್ತಿದೆ, ಇಬ್ಬರೂ ಸೇರಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದುಕೊಂಡಳು.

ಮರುದಿನ ಅವಳು ಒಂದು ಬಲೆ ಹೆಣೆದಳು. ಉಳಿದ ಮರಗಳ ಪಟ್ಟಿಯ ಕೊನೆಗೆ ಆರುನೂರ ಹದಿಮೂರು ಎಂದು ಒಂದು ನಂಬರು ಸೇರಿಸಿ, ಉತ್ತರದ ಮೂಲೆ ಎಂದು ಜಾಗವನ್ನೂ ಬರೆದು ಮಾವನ ಕೈಗೆ ಕೊಟ್ಟಳು. ಅಂಥ ಮರವೇ ಇರಲಿಲ್ಲ. ಕೂತಲ್ಲೇ ಬರೆಯುವವನಾದರೆ ಅದಕ್ಕೂ ಒಂದು ಸುತ್ತಳತೆ ಹುಟ್ಟುತ್ತದೆ, ಹಿಡಿಯುತ್ತೇನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಶನಿವಾರ ಹಾಳೆ ಬಂತು. ಆರುನೂರ ಹದಿಮೂರರ ಮುಂದೆ ಅದೇ ದುಂಡಗಿನ ಅಕ್ಷರ: ‘ಈ ನಂಬರಿನ ಮರ ಸಿಗಲಿಲ್ಲ. ಎರಡು ದಿನ ಹುಡುಕಿದೆ.’

ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ಭೂತಗನ್ನಡಿ ಬಿಡಲಿಲ್ಲ. ಗುಮಾಸ್ತನನ್ನು ಹಿಡಿದ ಸೊಸೆ ಹೊಸ ನಂಬರು ಕೊಟ್ಟರೆ ಹುಷಾರಾಗದೆ ಇರುತ್ತಾನೆಯೇ, ಇವನು ಪಳಗಿದ ಕೈ ಎಂದುಕೊಂಡಳು. ಕಣ್ಣಾರೆ ನೋಡಬೇಕು. ಕೊನೆಯ ಹಾಳೆಯನ್ನು ತಪಾಸಣೆಯವರು ಕಾಡಿನಲ್ಲೇ ನೋಡಬೇಕಂತೆ, ಹೊಸ ನಿಯಮವಂತೆ ಎಂದು ಮಾವನಿಗೆ ಸುಳ್ಳು ಹೇಳಿದಳು. ಸುಳ್ಳು ಹಿಡಿಯಲು ಹೊರಟವಳು ಒಂದೇ ವಾರದಲ್ಲಿ ಎರಡು ಸುಳ್ಳು ಹೇಳಿದ್ದಳು, ಅದು ಅವಳ ಲೆಕ್ಕಕ್ಕೆ ಬರಲಿಲ್ಲ. ಮಾವನಿಗೆ ಎಲ್ಲಿಲ್ಲದ ಸಂಭ್ರಮ. ನಾಲ್ಕು ವರ್ಷದ ಮೇಲೆ ಕಾಡಿನಲ್ಲಿ ಮಾತಾಡಲು ಒಂದು ಜೀವ ಸಿಕ್ಕಿತು ಎಂದು ಭಾನುವಾರ ಬೆಳಗ್ಗೆ ಅವಳಿಗಿಂತ ಮೊದಲೇ ಎದ್ದು ಬುತ್ತಿ ಕಟ್ಟಿದ.

ಕಚೇರಿಯ ಜೀಪು ಅವರನ್ನು ಕಾಡಿನ ಅಂಚಿಗೆ ಬಿಟ್ಟಿತು. ಮಾವ ಉದ್ದನೆಯ ಮಳೆಕೋಟು ತೊಟ್ಟು ಮುಂದೆ ನಡೆದ. ಮೋಡವಿಲ್ಲದ ದಿನವೂ ಅವನಿಗೆ ಅದು ಬೇಕು. ಅವಳು ಹಿಂದಿನಿಂದ ಅವನ ಹೆಜ್ಜೆ ಎಣಿಸುವಂತೆ ನೋಡುತ್ತಾ ಹೋದಳು. ಒಳಗೆ ಹೋದಂತೆ ನೆತ್ತಿಯ ಬೆಳಕು ಕಡಿಮೆಯಾಯಿತು, ಆದರೆ ಕಾಲ ಕೆಳಗಿನ ಎಲೆ ಹಪ್ಪಳದಂತೆ ಮುರಿಯಿತು. ಅವಳು ಓದುತ್ತಿದ್ದ ಕಾಲದಲ್ಲಿ ಒಮ್ಮೆ ಬಂದಾಗ ಇಲ್ಲಿ ಕಾಲಿಟ್ಟರೆ ನೀರು ಜಿನುಗುತ್ತಿತ್ತು. ಬೂಟಿನ ಧೂಳಿಗೂ ಕಚ್ಚದ ಇಂಬಳಕ್ಕೂ ಉತ್ತರ ಅಲ್ಲೇ ಬಿದ್ದಿತ್ತು. ಅವಳ ಒಂದು ಸಾಕ್ಷಿ ಹೋಯಿತು, ಅದರ ಜಾಗದಲ್ಲಿ ಬಂದ ಭಯ ಏನೆಂದು ಅವಳಿಗಿನ್ನೂ ತಿಳಿಯಲಿಲ್ಲ.

ಮಾವ ದಾರಿಯುದ್ದಕ್ಕೂ ಹೇಳುತ್ತಿದ್ದ. ಈ ಎಲೆಗಳು ಬೆವರಿದ ನೀರು ಇಲ್ಲಿಯೇ ಇಳಿಯುವುದಿಲ್ಲ, ಮೋಡವಾಗಿ ನೂರಾರು ಹರದಾರಿ ಹೋಗಿ, ಕಾಡು ಎಂದರೆ ಏನೆಂದೇ ತಿಳಿಯದವರ ಹೊಲದ ಮೇಲೆ ಮಳೆಯಾಗುತ್ತದೆ. ಹಾಗೆಯೇ ಆ ಜನರ ಹೊಗೆ ಇಲ್ಲಿಗೆ ಬಂದು ಮರವಾಗುತ್ತದೆ. ಒಬ್ಬರ ಮುಖ ಒಬ್ಬರು ನೋಡದ ನೆಂಟಸ್ತನ ಎಂದು ಹೇಳಿ ತಾನೇ ನಕ್ಕ. ನಡುವೆ ಎರಡು ಸಲ ನಿಂತು, ಮರ ನೋಡುವವನಂತೆ ತಲೆಯೆತ್ತಿ, ಸೊಂಟಕ್ಕೆ ಕೈ ಕೊಟ್ಟುಕೊಂಡ. ಅವಳು ತಿರುಗಿ ನೋಡಿದಾಗಲೆಲ್ಲ ಸೆಟೆದು ನಿಂತ.

ಉಳಿದಿದ್ದ ಹನ್ನೊಂದು ಮರಗಳನ್ನು ಅಳೆದ ರೀತಿ ನೋಡಿ ಅವಳ ಮುಖ ಹುಳ್ಳಗಾಯಿತು. ಪ್ರತಿ ಮರದ ಬೇರಿಗೆ ತಂತಿಯಲ್ಲಿ ಕಟ್ಟಿದ ತಗಡಿನ ನಂಬರನ್ನು ಬೆರಳಿನಿಂದ ಒರೆಸಿ ಗಟ್ಟಿಯಾಗಿ ಓದುತ್ತಿದ್ದ. ಬಳ್ಳಿಯನ್ನು ಕತ್ತರಿಸದೆ ಮೆಲ್ಲಗೆ ಎತ್ತಿ ಟೇಪನ್ನು ಅದರಡಿ ತೂರಿಸುತ್ತಿದ್ದ. ಬಣ್ಣದ ಬಳಪದಲ್ಲಿ ತೊಗಟೆಯ ಮೇಲೊಂದು ಗೆರೆ ಎಳೆದು, ಆ ಗೆರೆಗೆ ಟೇಪು ಕೂರಿಸಿ, ಅಂಕಿ ಎರಡು ಸಲ ನೋಡಿ ಬರೆಯುತ್ತಿದ್ದ. ಗೆರೆ ಏಕೆ ಪ್ರತಿ ವರ್ಷ ಹೊಸದಾಗಿ, ಒಮ್ಮೆ ಬಣ್ಣ ಬಳಿದರೆ ಸಾಲದೇ ಎಂದು ಅವಳು ಕೇಳಿದಳು. ತೊಗಟೆ ಉದುರಿ ಬಣ್ಣವೂ ಜೊತೆಗೇ ಹೋಗುತ್ತದೆ, ಮೊಳೆ ಹೊಡೆದರೆ ಆ ಗಾಯದಿಂದ ಮರ ಕೊಳೆಯುತ್ತದೆ ಎಂದ. ಒಂದು ನೆಟ್ಟಗಿನ ಮರವನ್ನು ಅವಳೇ ಟೇಪು ಹಿಡಿದು ಮತ್ತೆ ಅಳೆದಳು. ಅವನು ಬರೆದದ್ದೇ ಬಂತು. ಹೋದ ವರ್ಷದ್ದೂ ಅದೇ. ಎತ್ತಿ ಬರೆದದ್ದಲ್ಲ, ಮರ ನಿಜಕ್ಕೂ ಬೆಳೆದಿರಲಿಲ್ಲ.

“ಇನ್ನೂರ ಹದಿನೇಳು ನೋಡ್ಬೇಕಿತ್ತು ಮಾವ” ಎಂದಳು. ಇನ್ನು ಉಳಿದಿದ್ದು ಅದೊಂದೇ ಆಸೆ. ಆಸೆಯೋ ಭಯವೋ.

ಸತ್ತ ಮರ ತೊಗಟೆ ಕಳಚಿ ಬೂದುಬಣ್ಣದ ಬೆತ್ತಲೆ ಬೊಡ್ಡೆಯಾಗಿ ನಿಂತಿತ್ತು, ಬುಡದಲ್ಲಿ ಸೀರೆಯ ನೆರಿಗೆ ಬಿಟ್ಟಂತೆ ಅಗಲವಾಗಿ. ಮಾವ ಬೇರೆಲ್ಲ ಮರೆತವನಂತೆ ಅದರೆದುರು ಹೋಗಿ ಎದೆ ತಾಗಿಸಿ ನಿಂತ. ಕೋಟಿನ ಮೂರನೆಯ ಗುಂಡಿ ಮರಕ್ಕೆ ತಾಗಿದ ಕಡೆ ಬೆರಳಿಟ್ಟು, ಹಿಂದೆ ಸರಿದು, ಟೇಪು ಸುತ್ತಿದ. “ಸಾವಿರದ ಎಂಟ್ನೂರ ಐವತ್ತೆಂಟು. ಬರ್ದಿದ್ದೀನಲ್ಲ?” ಬರೆದಿದ್ದ. ಒಂದು ಕೂದಲೆಳೆಯೂ ಹೆಚ್ಚು ಕಡಿಮೆಯಿಲ್ಲ.

ಟೇಪು ತೆಗೆದ ಮೇಲೆ ಅವಳು ಹತ್ತಿರ ಹೋದಳು. ಉದುರಲು ತೊಗಟೆಯಿಲ್ಲದ ಆ ಮರ ಬಳಪದ ಗೆರೆಗಳನ್ನು ಹಾಗೇ ಉಳಿಸಿಕೊಂಡಿತ್ತು. ಮೂರು ಗೆರೆ. ಎಲ್ಲಕ್ಕಿಂತ ಮೇಲಿನದು ಮಾಸಿತ್ತು, ಎರಡು ವರ್ಷದ ಹಿಂದಿನದು. ಅದಕ್ಕಿಂತ ಒಂದು ಬೆರಳಿನಷ್ಟು ಕೆಳಗೆ ಹೋದ ವರ್ಷದ್ದು. ಅದಕ್ಕೂ ಕೆಳಗೆ ಈ ವರ್ಷದ್ದು. ಮೆಟ್ಟಿಲು ಇಳಿದಂತೆ.

ಅವಳು ಮೆಲ್ಲಗೆ ಕೇಳಿದಳು: “ಎತ್ತರ ಯಾವುದ್ರಿಂದ ನೋಡ್ತೀರಿ ಮಾವ? ನೂರ ಮೂವತ್ತು ಸೆಂಟಿಮೀಟರು ಅಂತಲ್ವಾ ನಿಯಮ?”

ಮಾವನಿಗೆ ಅದು ಹಳೆಯ ಖುಷಿಯ ಕತೆ. ಮೊದಲ ವರ್ಷವೇ ಎತ್ತರ ನೋಡುವ ಕೋಲು ಹಳ್ಳ ದಾಟುವಾಗ ಕೊಚ್ಚಿಕೊಂಡು ಹೋಗಿತ್ತಂತೆ. ಎಲ್ಲರೂ ಇಂಗು ತಿಂದ ಮಂಗನಂತೆ ನಿಂತಿದ್ದಾಗ ಆಗಿನ ಮೇಲ್ವಿಚಾರಕ ಟೇಪು ಹಿಡಿದು ನೋಡಿದರೆ, ನೆಲದಿಂದ ಇವನ ಮೂರನೆಯ ಗುಂಡಿಗೆ ಸರಿಯಾಗಿ ನೂರ ಮೂವತ್ತು. ನೀನೇ ಕೋಲು ಕಣಯ್ಯ, ನಿನ್ನನ್ನು ಯಾವ ಹಳ್ಳವೂ ಕೊಚ್ಚುವುದಿಲ್ಲ ಎಂದು ಬೆನ್ನು ತಟ್ಟಿದನಂತೆ. ಆಮೇಲೆ ಹೊಸ ಕೋಲು ಬಂತು. ಬೇಡ, ನಾನಿದ್ದೇನೆ ಎಂದು ಇವನೇ ವಾಪಸು ಕಳಿಸಿದ್ದ. “ಕೆಂಪು ಬಿಳಿ ಪಟ್ಟಿದು. ಈಗ ನಿಮ್ ಕಿಟಕಿ ಪರದೆ ಹಿಡ್ಕೊಂಡಿದೆಯಲ್ಲ, ಅದೇ” ಎಂದು ಮಾವ ನಕ್ಕ. ಮಾತಿನ ಗುಂಗಿನಲ್ಲಿ ಸೆಟೆದು ನಿಲ್ಲುವುದು ಮರೆತಿದ್ದ. ಹೆಗಲು ಮುಂದಕ್ಕೆ ಬಿದ್ದು, ಕತ್ತು ಕೆಳಗಿಳಿದು, ಕೋಟಿನ ಗುಂಡಿಗಳು ಎದೆಯಿಂದ ದೂರ ನೇತಾಡುತ್ತಿದ್ದವು. ಅವಳು ಹನ್ನೆರಡು ವರ್ಷದಿಂದ ಅದೇ ಮನೆಯಲ್ಲಿದ್ದಳು. ಆರುನೂರ ಹನ್ನೆರಡು ಮರದ ಒಂದೊಂದು ಮಿಲಿಮೀಟರು ನೋಡುವ ಭೂತಗನ್ನಡಿಗೆ ಮನೆಯೊಳಗಿನ ಬೆನ್ನು ಕಂಡಿರಲಿಲ್ಲ.

ಅವಳಿಗೆ ಜೇಬಿನಲ್ಲಿದ್ದ ಟೇಪನ್ನು ನೆಲದಿಂದ ಆ ಗೆರೆಗೆ ಹಿಡಿಯಲು ಕೈ ಬರಲಿಲ್ಲ.

ಮನೆಗೆ ಬಂದು ಮಾವ ಸ್ನಾನಕ್ಕೆ ಹೋದ ಕೂಡಲೇ ಗಂಡನೆದುರು ಹೋಗಿ ನಿಂತಳು. ಬಟ್ಟೆ ಕತ್ತರಿಸುತ್ತಿದ್ದವನು ಅವಳ ಮುಖ ನೋಡಿದ್ದೇ ಕತ್ತರಿ ಕೆಳಗಿಟ್ಟ.

“ಅಪ್ಪಂದು ಬೆನ್ನು ಯಾವಾಗಿಂದ ಹೀಗೆ?” ಎಂದಳು.

ಗುಟ್ಟು ಎಂದರೆ ಅದೇ ಆಗಿತ್ತು. ಏಳೆಂಟು ವರ್ಷದಿಂದ ಅಪ್ಪನ ಬೆನ್ನು ಬಾಗುತ್ತಾ ಬಂದಿತ್ತು. ಸೊಸೆ ಕಚೇರಿಯವಳು, ಗೊತ್ತಾದರೆ ಮನೆಗೆ ಕಳಿಸಿಬಿಡುತ್ತಾರೆ, ಅವಳ ಕಿವಿಗೆ ಹಾಕಬೇಡ ಎಂದು ಮಗನ ಕೈ ಹಿಡಿದು ಕೇಳಿಕೊಂಡಿದ್ದ. ದರ್ಜಿ ಮಗ ಏನು ಮಾಡಿಯಾನು? ಕೋಟಿನ ಬೆನ್ನಿಗೆ ಒಂದು ಗುಪ್ತ ಮಡಿಕೆ ಕೊಟ್ಟ, ಹೆಗಲಿಗೆ ಹತ್ತಿ ತುಂಬಿದ, ಮುಂದಿನ ಅಂಚು ಜೋತು ಬೀಳದಂತೆ ಪ್ರತಿ ವರ್ಷ ಎರಡು ಬೆರಳು ಮೋಟು ಮಾಡಿದ. ನೋಡಿದವರಿಗೆ ನೆಟ್ಟಗಿನ ಮನುಷ್ಯನೇ ಕಾಣಬೇಕು, ಹಾಗೆ. ಅವಳಿಗೆ ಒಮ್ಮೆಗೇ ನಗುವೂ ಅಳುವೂ ಬಂತು. ಅವನು ಅಷ್ಟು ಚೆನ್ನಾಗಿ ಹೊಲಿದದ್ದೇ ತಪ್ಪಾಗಿತ್ತು.

“ಅಳತೆ ಪುಸ್ತಕ ಕೊಡಿ” ಎಂದಳು.

ಪ್ರತಿ ವರ್ಷ ಅಳತೆಯ ತಿಂಗಳಿಗೆ ಮೊದಲು ಅಪ್ಪನಿಗೊಂದು ಹೊಸ ಮಳೆಕೋಟು. ಅದರ ಅಂಕಿ ಎಲ್ಲ ಆ ಎಣ್ಣೆಜಿಡ್ಡಿನ ಪುಸ್ತಕದಲ್ಲಿತ್ತು. ಮುಳ್ಳಿಗೆ ಸಿಕ್ಕಬಾರದು ಎಂದು ನೆಲದಿಂದ ಅಂಚಿಗೆ ಎಷ್ಟು, ಅಂಚಿನಿಂದ ಒಂದೊಂದು ಗುಂಡಿಗೆ ಎಷ್ಟು ಎಂದು ಬರೆದುಕೊಳ್ಳುವುದು ಅವನ ರೂಢಿ. ಎರಡನ್ನೂ ಕೂಡಿದರೆ ಮೂರನೆಯ ಗುಂಡಿಯ ಎತ್ತರ. ಅವಳು ಕೂಡುತ್ತಾ ಹೋದಳು. ನೂರ ಮೂವತ್ತು. ನೂರ ಮೂವತ್ತು. ನೂರ ಇಪ್ಪತ್ತೊಂಬತ್ತು. ನೂರ ಇಪ್ಪತ್ತೇಳು. ನೂರ ಇಪ್ಪತ್ತಾರು. ಹೀಗೇ ಇಳಿಯುತ್ತಾ ಹೋದ ವರ್ಷಕ್ಕೆ ನೂರ ಹತ್ತೊಂಬತ್ತು.

“ಅಳತೆಗೆ ನಿಂತಾಗ ಅಪ್ಪ ಸೆಟೆದು ನಿಲ್ತಾರಲ್ಲ, ಇದು ಹೇಗೆ ಸಿಕ್ತು?”

“ಏನಾದ್ರೂ ಮಾತಾಡಿಸ್ತಿದ್ದೆ. ಮರದ ವಿಷಯ ಎತ್ತಿದ್ರೆ ಮೈ ಮರೀತಾರೆ. ಬೆನ್ನು ಬಿದ್ದ ತಕ್ಷಣ ಅಳತೆ ತಗೋತಿದ್ದೆ. ಈ ವರ್ಷ ಅದು ಗೊತ್ತಾಗಿ, ಹೊಸ ಕೋಟೇ ಬೇಡ ಅಂದ್ರು.”

ಈ ವರ್ಷದ ಸಾಲು ಖಾಲಿಯಿತ್ತು.

ಅವಳು ಚೀಲದಿಂದ ಹತ್ತು ವರ್ಷದ ಅಂಕಿಗಳ ಕಾಗದ ತೆಗೆದು ಕೂತಳು. ಅಗಲ ಬುಡದ ಮರಗಳು ಬೆಳೆದದ್ದು ಸುಳ್ಳು: ಟೇಪು ಕೆಳಗಿಳಿದಂತೆ ಮರ ದಪ್ಪಗೆ ಸಿಕ್ಕಿತ್ತು, ಅಷ್ಟೆ. ಯಾವ ಎತ್ತರದಲ್ಲಿ ಸುತ್ತಿದರೂ ಒಂದೇ ಸುತ್ತಳತೆ ಬರುವ ನೆಟ್ಟಗಿನ ಮರಗಳು ಮಾತ್ರ ನಿಜ ಹೇಳುತ್ತಿದ್ದವು. ಅವನ್ನೇ ಅವಳು ಕಳ್ಳಲೆಕ್ಕ ಎಂದುಕೊಂಡಿದ್ದಳು. ಬಾಗಿದ ಬೆನ್ನನ್ನು ಕಳೆದರೆ, ಮೊದಲ ನಾಲ್ಕು ವರ್ಷ ಕಾಡು ಬೆಳೆದಿತ್ತು. ಆಮೇಲೆ ಆರು ವರ್ಷದಿಂದ ನಿಂತೇ ಹೋಗಿತ್ತು. ಕೊನೆಯ ಎರಡು ವರ್ಷದಲ್ಲಿ ಸತ್ತು ಕೊಳೆಯತೊಡಗಿದ ಮರಗಳನ್ನೂ ಹಿಡಿದರೆ, ಆ ಕಾಡು ಕುಡಿದದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಮುಖ್ಯಸ್ಥರ ಗೋಡೆಯ ಮೇಲಿನ ಹಸಿರು ಗೆರೆ ಕಾಡಿನದಾಗಿರಲಿಲ್ಲ. ಒಬ್ಬ ಮುದುಕ ಬಾಗಿದ ಗೆರೆ ಅದು. ಆ ಗೆರೆ ನೋಡಿ ದೇಶದೇಶದವರು ಕಾಡು ನೋಡಿಕೊಳ್ಳುತ್ತದೆ ಬಿಡಿ ಎಂದು ಎದ್ದು ಹೋಗುವವರಿದ್ದರು.

ಈಗ ಉಳಿದದ್ದು ಎರಡೇ ದಾರಿ. ಸಹಿ ಹಾಕಿದರೆ ಮಾವನ ಮಾನ ಉಳಿಯುತ್ತದೆ, ಅವನ ಕಾಡು ಅವನಿಗೆ ಉಳಿಯುತ್ತದೆ. ಹಾಕದಿದ್ದರೆ, ಇಪ್ಪತ್ತೆರಡು ವರ್ಷ ಒಂದು ಮಿಲಿಮೀಟರೂ ಸುಳ್ಳು ಬರೆಯದವನು, ಆ ಗುಮಾಸ್ತ ಇಳಿದ ಮೆಟ್ಟಿಲನ್ನೇ ಇಳಿಯಬೇಕು. ಹೊಸದಾಗಿ ಅಳೆಯಲು ಒಂದು ತಿಂಗಳು ಬೇಕು, ಸಭೆಗೆ ಎಂಟು ದಿನವಿದೆ. ಹಳೆಯ ಅಂಕಿಗಳನ್ನು ಉಳಿಸಲು ಇರುವುದು ಒಂದೇ ಉಪಾಯ: ಯಾವ ವರ್ಷ ಎಷ್ಟು ಬಾಗಿದ್ದ ಎಂದು ತೋರಿಸಿ ತಿದ್ದುವುದು. ಅದಕ್ಕೆ ಈ ವರ್ಷದ ಎತ್ತರ ಬೇಕು.

“ನಾನು ಮಾತಾಡಿಸ್ತೀನಿ, ನೀನು ಟೇಪು ಹಿಡಿ. ಗೊತ್ತಾಗಲ್ಲ ಅವರಿಗೆ” ಎಂದ ಗಂಡ.

ಅವಳು ಒಪ್ಪಿದಳು. ಊಟ ಮಾಡಿ ಒಂದು ನಿದ್ದೆ ಮುಗಿಸಿ ಎದ್ದು ಬಂದ ಮಾವ ಕೋಟಿನ ತೂತಿಗೆ ತೇಪೆ ಹಾಕಿಕೊಡು ಎಂದು ಅದನ್ನು ತೊಟ್ಟೇ ತೋರಿಸುತ್ತಾ ನಿಂತ. ಗಂಡ ಸತ್ತ ಮರದ ಮಾತು ತೆಗೆದ. ಅವಳು ಟೇಪು ಹಿಡಿದು ಬೆಕ್ಕಿನಂತೆ ಹಿಂದಿನಿಂದ ಬಂದಳು. ಬಂದವಳು ನಿಂತಳು. ಇಲ್ಲದ ಮರಕ್ಕಾಗಿ ಎರಡು ದಿನ ಅಲೆದ ಬೂಟು ಬಾಗಿಲ ಬಳಿ ಇತ್ತು. ಕದ್ದು ನೋಡಿದ್ದು ಸಾಕು ಅನ್ನಿಸಿತು.

“ಮಾವ, ಆ ಆರುನೂರ ಹದಿಮೂರು ನಾನೇ ಸೇರಿಸಿದ್ದು. ನಿಮ್ ಮೇಲೆ ಅನುಮಾನ ಇತ್ತು” ಎಂದಳು. ಆಮೇಲೆ ಸತ್ತ ಮರದ ಮೂರು ಗೆರೆ, ಪರದೆಯ ಕೋಲು, ಗಂಡನ ಪುಸ್ತಕ, ಕಾಡು ನಿಂತು ಹೋಗಿರುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಮಾವ ಮಿಷನ್ನಿನ ಅಂಚು ಹಿಡಿದುಕೊಂಡು ನಿಂತಿದ್ದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದರೆ ಒಳ್ಳೆಯದಿತ್ತು.

“ಆರು ವರ್ಷ ಅಂದ್ಯಾ?” ಎಂದ ಕೊನೆಗೆ. “ನಂಗೂ ಹಾಗೇ ಅನ್ಸಿತ್ತಮ್ಮ. ಎಲೆ ತೆಳ್ಳಗಾಗಿತ್ತು, ನೆಲ ಒಣಗಿತ್ತು. ಕಾಡು ಸೊರಗಿದೆ ಅಂದ್ಕೊಂಡು ಟೇಪು ಸುತ್ತಿದ್ರೆ ಬೆಳ್ದಿರೋದು. ನನ್ ಕಣ್ಣಿಗೇ ವಯಸ್ಸಾಯ್ತು ಅಂತ ಕಣ್ಣಿನ ಮೇಲೆ ಅನುಮಾನ ಪಟ್ಟೆ. ಬೆನ್ನಿನ ಮೇಲೆ ಪಡ್ಲಿಲ್ಲ.”

ಅವನು ತಾನಾಗಿಯೇ ಹೋಗಿ ಬಾಗಿಲ ಚೌಕಟ್ಟಿಗೆ ಪಕ್ಕವಾಗಿ ನಿಂತ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಅವಳು ನೆಲಕ್ಕೆ ಮೊಣಕಾಲೂರಿ ಟೇಪಿನ ತುದಿ ಹಿಡಿದಳು. ಗಂಡ ಮೂರನೆಯ ಗುಂಡಿಯ ಬಳಿ ಪೆನ್ಸಿಲ್ ಹಿಡಿದ. ಮಾವ ಉಸಿರು ಎಳೆದುಕೊಂಡು, ಹೆಗಲು ಹಿಂದಕ್ಕೆ ತಂದು, ಗದ್ದ ಎತ್ತಿ ನಿಂತ. ಕುತ್ತಿಗೆಯ ನರ ಉಬ್ಬಿತ್ತು. ನೂರ ಇಪ್ಪತ್ತನಾಲ್ಕು.

ಗಂಡ ಅವಳ ಕಡೆ ನೋಡಿದ. ಬರೆದುಬಿಡು ಎನ್ನುವಂತಿತ್ತು ಆ ನೋಟ. ಅವಳು ಬರೆಯಲಿಲ್ಲ.

“ಮಾವ” ಎಂದಳು, “ಕಾಡಲ್ಲಿ ನಿಲ್ಲೋ ಹಾಗೆ ನಿಲ್ಲಿ.”

 ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಆಮೇಲೆ ಅವನು ಎಳೆದುಕೊಂಡಿದ್ದ ಉಸಿರನ್ನು ಬಿಟ್ಟ. ಹೆಗಲು ಮೊದಲು ಇಳಿಯಿತು, ಕತ್ತು ಇಳಿಯಿತು, ಮಗ ತುಂಬಿದ್ದ ಹತ್ತಿ ಕೋಟಿನೊಳಗೆ ಪಕ್ಕಕ್ಕೆ ಸರಿಯಿತು. ಬೆನ್ನು ತನ್ನ ಜಾಗಕ್ಕೆ ಬಂದು ನಿಂತಿತು. ಸೊಸೆಯೆದುರು ಬೇಕೆಂದೇ ಒಮ್ಮೆಯೂ ಹಾಗೆ ನಿಂತವನಲ್ಲ.

“ಇಷ್ಟೇ ಕಣಮ್ಮ” ಎಂದ. “ಬರ್ಕೋ.”

ನೂರ ಹದಿನೇಳು. ಅವಳು ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು, ಖಾಲಿಯಿದ್ದ ಸಾಲಿನಲ್ಲಿ ಬರೆದಳು. ಅವನು ಬಗ್ಗಿ, ಅಂಕಿ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದ.